ಯಜಮಾನರ ಎಡೆಗೊಂದು ಸ್ಟೀಲ್‌ಹೆಡ್

ನಮ್ಮ ಬೇಸ್‌ಮೆಂಟಿನ ದೊಡ್ಡ ಫ್ರೀಜರಿನಲ್ಲಿ ಈಗ ಇರುವುದು ತೆಂಗಿನ ತುರಿ, ನುಗ್ಗೇಕಾಯಿ, ಮತ್ತೆ ನನ್ನ ಮಗಳು ಗೀತಾ ಯಾವುದೋ ಹುಟ್ಟುಹಬ್ಬದಲ್ಲಿ ಉಳಿದದ್ದನ್ನು ಇಟ್ಟು ಮರೆತ ಅರ್ಧ ಕೇಕು. ಮನುಷ್ಯರನ್ನು ಮಲಗಿಸುವಷ್ಟು ಉದ್ದದ ಪೆಟ್ಟಿಗೆ ಅದು. ಒಂದು ಕಾಲದಲ್ಲಿ ಅದರ ಮುಚ್ಚಳ ಕೂರಿಸಬೇಕಾದರೆ ನಾನೇ ಮೇಲೆ ಹತ್ತಿ ಕೂರಬೇಕಿತ್ತು. ಅಷ್ಟು ಮೀನು. ಆಗ ನಾನು ಆ ಮೀನುಗಳನ್ನು ಬೈದಷ್ಟು ಯಾವ ಅತ್ತೆಯೂ ಸೊಸೆಯನ್ನು ಬೈದಿರಲಾರಳು. ಈಗ ಒಂದು ಮೀನಿಗೂ ಗತಿಯಿಲ್ಲ. ಬೈಗುಳ ತಟ್ಟುತ್ತದೆ ಎಂದು ನಂಬುವವಳಲ್ಲ ನಾನು. ತಟ್ಟುವುದಾಗಿದ್ದರೆ ಮೊದಲು ನಮ್ಮ ಯಜಮಾನರಿಗೆ ತಟ್ಟಬೇಕಿತ್ತು. ಅವರು ಎಂಬತ್ತು ದಾಟಿಯೇ ಹೋದರು.

ಯಜಮಾನರು ಸಮುದ್ರ ದಾಟಿ ಬಂದು ಇಲ್ಲಿ, ಬಿಳಿಯರ ದೇಶದ ವಾರೆನ್ ಊರಿನಲ್ಲಿ, ಕಾರು ಕಂಪನಿಯ ಇಂಜಿನಿಯರಾಗಿದ್ದರು. ನಾವು ತಿರುಮಕೂಡಲಿನ ಕಡೆಯ ಬೆಸ್ತರು, ಕಾವೇರಿಯಲ್ಲಿ ಬಲೆ ಬೀಸಿದವರ ಮಕ್ಕಳು. ಅವರು ಓದಿ ಮೇಲೆ ಬಂದರು, ನಾನು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟೆ. ಮೀನಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ವಿದ್ಯೆ. ವಾರವೆಲ್ಲ ಬ್ರೇಕು ಪರೀಕ್ಷೆ ಮಾಡಿ, ಶನಿವಾರ ಬೆಳಗಾಗುವ ಮೊದಲೇ ಮ್ಯಾನಿಸ್ಟೀ ನದಿಗೆ ಹೊರಡುತ್ತಿದ್ದರು. ನಾಲ್ಕು ಗಂಟೆಯ ಡ್ರೈವು. ಮನೆಯ ಪಕ್ಕದಲ್ಲೇ ಕ್ಲಿಂಟನ್ ನದಿಯಿದೆ, ಅಲ್ಲೂ ಸ್ಟೀಲ್‌ಹೆಡ್ ಬರುತ್ತದೆ. ಅದನ್ನು ಹೇಳಿದರೆ, “ಅದು ತೊಟ್ಟಿ ಮೀನು ಕಣೇ” ಎಂದು ಮೂಗು ಮುರಿಯುತ್ತಿದ್ದರು. ಹತ್ತಿರದ ನೆಂಟರನ್ನು ಬಿಟ್ಟು ದೂರದ ಶ್ರೀಮಂತರ ಮನೆಗೆ ಹೆಣ್ಣು ಕೇಳಲು ಹೋಗುವವರ ಹಾಗೆ.

ಸ್ಟೀಲ್‌ಹೆಡ್ ಎಂದರೇನು ಎಂದು ಬೇಳೆ ತಿನ್ನುವ ಓದುಗರಿಗೆ ಹೇಳಿಬಿಡುತ್ತೇನೆ. ಅದು ಸಾಲ್ಮನ್ ಮೀನಿನ ದಾಯಾದಿ. ನದಿಯಲ್ಲಿ ಹುಟ್ಟಿ, ದೊಡ್ಡ ಸರೋವರಕ್ಕೆ ಇಳಿದು ತಿಂದು ದಪ್ಪವಾಗಿ, ಮೊಟ್ಟೆ ಇಡುವುದಕ್ಕೆ ಮತ್ತೆ ನದಿ ಹತ್ತಿ ಬರುತ್ತದೆ. ಮೈ ಹೊಸ ಸ್ಟೀಲ್ ಪಾತ್ರೆಯ ಹಾಗೆ ಮಿರಮಿರ. ಗಾಳಕ್ಕೆ ಸಿಕ್ಕರೆ ನೀರಿನಿಂದ ಆಳೆತ್ತರ ಹಾರಿ ಗಂಡಸರ ಬುದ್ಧಿ ಕೆಡಿಸುತ್ತದೆ. ಇದರಲ್ಲಿ ಎರಡು ಜಾತಿ. ನದಿಯಲ್ಲೇ ಹುಟ್ಟಿದ್ದು ಮೇಲು. ಸರ್ಕಾರ ತೊಟ್ಟಿಯಲ್ಲಿ ಮರಿ ಮಾಡಿ ತಂದು ಬಿಟ್ಟದ್ದು ಕೀಳು. ಗುರುತಿಗೆ ತೊಟ್ಟಿ ಮರಿಗಳ ಬೆನ್ನ ಮೇಲೆ, ಬಾಲದ ಹತ್ತಿರ ಇರುವ ಪುಟ್ಟ ರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ಹಿಡಿದವರು ಮೊದಲು ನೋಡುವುದು ಅದನ್ನೇ. ರೆಕ್ಕೆ ಇದ್ದರೆ ಮುಖ ಅರಳುತ್ತದೆ, ಇಲ್ಲದಿದ್ದರೆ ಜೋತು ಬೀಳುತ್ತದೆ. ಜಾತಿ ಕೇಳುವುದು ನಮ್ಮೂರಿನ ರೋಗ ಎಂದುಕೊಂಡಿದ್ದೆ; ಇಲ್ಲಿ ಬಿಳಿಯರು ಮೀನನ್ನೂ ಬಿಟ್ಟಿಲ್ಲ.

ಈ ಮೇಲು ಜಾತಿಯೇ ಈಗ ಕಾಣೆಯಾಗುತ್ತಿರುವುದು. ಎರಡು ವರ್ಷದ ಹಿಂದೆ ನದಿ ಕಡೆಯ ಊರಿನಲ್ಲಿ ಅದಕ್ಕೊಂದು ಸಭೆ ನಡೆಯಿತು. ಅಳಿಯ ಹೊರಟ, ಬಿಟ್ಟಿ ಕಾಫಿಗೆ ನಾನೂ ಹೋದೆ. ಸರೋವರದಲ್ಲಿ ಯಾವುದೋ ಪರದೇಶಿ ಚಿಪ್ಪಿನ ಹುಳ ಸೇರಿಕೊಂಡು ನೀರನ್ನು ಜರಡಿ ಹಿಡಿದು ಕುಡಿಯುತ್ತಿದೆ, ಮೀನಿಗೆ ಮೇವಿಲ್ಲ ಎಂದು ಸರ್ಕಾರದ ಮೀನು ಇಲಾಖೆಯವನು ಹೇಳಿದ. ನೀರು ಬಿಸಿಯಾಗಿದೆ ಎಂದ ಇನ್ನೊಬ್ಬ. ಮೀನುಗಾರರು ದೋಣಿ ನಡೆಸುವ ಗೈಡುಗಳನ್ನು ಬೈದರು, ಗೈಡುಗಳು ಇಲಾಖೆಯನ್ನು ಬೈದರು, ಇಲಾಖೆ ಸರೋವರವನ್ನು ಬೈಯಿತು. ತಮ್ಮ ಮನೆಯ ಫ್ರೀಜರನ್ನು ಯಾರೂ ಬೈಯಲಿಲ್ಲ. ಗಡ್ಡದ ಮುದುಕನೊಬ್ಬ ಎದ್ದು ನಿಂತು, ಇದು ನಮ್ಮ ಮಣ್ಣಿನ ಮೀನು, ನಮ್ಮ ತಾತಂದಿರ ಮೀನು ಎಂದು ಕಣ್ಣೊರೆಸಿಕೊಂಡ. ಆಗ ಇಲಾಖೆಯವನು ಮೆಲ್ಲಗೆ ಕೆಮ್ಮಿ, ಈ ಮೀನೂ ಮೂಲದಲ್ಲಿ ಇಲ್ಲಿನದಲ್ಲ, ಎಷ್ಟೋ ತಲೆಮಾರಿನ ಹಿಂದೆ ಕ್ಯಾಲಿಫೋರ್ನಿಯಾ ಕಡೆಯಿಂದ ತಂದು ಬಿಟ್ಟದ್ದು ಎಂದ. ನಾನು ಜೋರಾಗಿ ನಕ್ಕುಬಿಟ್ಟೆ. ಅಳಿಯ ಕಾಲು ತುಳಿದ.

ಈ ಅಳಿಯನ ವಿಷಯ ಹೇಳಲೇಬೇಕು. ಹೆಸರು ಶಿವಾನಂದ, ದಾವಣಗೆರೆಯ ಲಿಂಗಾಯತರ ಹುಡುಗ, ಮೂಳೆ ಡಾಕ್ಟರು. ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟದ ಮನೆ. ಮದುವೆಯಾದ ಹೊಸತರಲ್ಲಿ ನಮ್ಮ ಅಡುಗೆಮನೆಗೆ ಬಂದರೆ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದ. ಮಾವ ತೀರಿಕೊಂಡ ಮೇಲೆ ಅವರ ಗಾಳದ ಕೋಲನ್ನು ಒರೆಸಿಡುತ್ತೇನೆ ಎಂದು ತೆಗೆದುಕೊಂಡವನು ಒರೆಸುತ್ತಾ ಒರೆಸುತ್ತಾ ನದಿಗೇ ಇಳಿದ. ಈಗ ಗಾಳದ ಎರೆಗೆಂದು ಸಾಲ್ಮನ್ ಮೊಟ್ಟೆಯನ್ನು ಬಲೆಬಟ್ಟೆಯ ಚೂರಿನಲ್ಲಿ ಗೋಲಿಯಷ್ಟು ಕಟ್ಟಿ, ಆಪರೇಷನ್ ಹೊಲಿಗೆಯ ಗಂಟು ಹಾಕಿ, ನಮ್ಮ ಇಡ್ಲಿ ಹಿಟ್ಟಿನ ಪಕ್ಕದಲ್ಲೇ ಇಡುತ್ತಾನೆ. ತಿನ್ನುವುದಿಲ್ಲ, ಕೊಲ್ಲುವುದೂ ಇಲ್ಲ. ಹಿಡಿದು, ಫೋಟೋ ತೆಗೆಸಿಕೊಂಡು, ವಾಪಸ್ಸು ಬಿಡುವುದು. ಮನೆಗೆ ಊಟಕ್ಕೆ ಕರೆದು, ತುಟಿಗೆ ಸೂಜಿ ಚುಚ್ಚಿ, ತಬ್ಬಿಕೊಂಡು ಫೋಟೋ ತೆಗೆಸಿ, ಹೋಗಿ ಬನ್ನಿ ಎನ್ನುವುದಕ್ಕೆ ಇವರು ಪ್ರೀತಿ ಎನ್ನುತ್ತಾರೆ. ನಮ್ಮಪ್ಪನಿಗೆ ಹೇಳಿದ್ದರೆ ಬಲೆ ಬಿಟ್ಟು ನನ್ನನ್ನು ವೈದ್ಯರ ಹತ್ತಿರ ಕರೆದೊಯ್ಯುತ್ತಿದ್ದ.

ಅದಿರಲಿ, ನನಗೆ ಬೇಕಾಗಿದ್ದುದು ಒಂದು ಮೀನು. ಒಂದೇ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಏನು ಇಷ್ಟಪಡುತ್ತಿದ್ದರೋ ಅದೆಲ್ಲವನ್ನೂ ಬಾಳೆ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲೆಳೆದುಕೊಂಡು ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ ಎಂಬ ಲೆಕ್ಕ. ಯಜಮಾನರು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನನಗೆ ಹೇಳಿಟ್ಟಿದ್ದರು: “ಬ್ರಾಂದಿ ಯಾವ್ದಾದ್ರೂ ಇಡು, ಪರವಾಗಿಲ್ಲ. ಮೀನು ಮಾತ್ರ ನದೀದೇ ಆಗ್ಬೇಕು. ಅಂಗಡಿ ಮೀನು ಇಟ್ರೆ ನಾನು ಹೊಸ್ತಿಲು ದಾಟಲ್ಲ.” ಸಾಯುವ ಮನುಷ್ಯ ಮಗಳ ಬಗ್ಗೆ, ಮನೆಯ ಬಗ್ಗೆ ಏನಾದರೂ ಹೇಳುತ್ತಾನೆಂದು ಕಿವಿ ಕೊಟ್ಟವಳಿಗೆ ಸಿಕ್ಕಿದ್ದು ಇದು. ದೆವ್ವ ಭೂತ ನಾನು ನಂಬುವುದಿಲ್ಲ. ಆದರೆ ಐವತ್ತು ವರ್ಷ ಸಂಸಾರ ಮಾಡಿದವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅದನ್ನೂ ಮಾಡದಿದ್ದರೆ ನಾನು ಯಾತರ ಹೆಂಗಸು?

ಮೊದಲ ವರ್ಷಗಳಲ್ಲಿ ತೊಂದರೆಯಾಗಲಿಲ್ಲ. ಅವರೇ ಹಿಡಿದು ಫ್ರೀಜರಿಗೆ ತುಂಬಿಟ್ಟು ಹೋಗಿದ್ದರು. ತನ್ನ ತಿಥಿಗೆ ತಾನೇ ಸಾಮಾನು ತಂದಿಟ್ಟು ಸತ್ತ ಗಂಡಸು ಈ ಬಡಾವಣೆಯಲ್ಲಿ ಬೇರೆ ಇರಲಾರ. ಹೋದ ವರ್ಷ ಕೊನೆಯ ತುಂಡು ಸಾರಿಗೆ ಬಿತ್ತು. ಈ ವರ್ಷ ಉಳಿದದ್ದು ಅಳಿಯನ ಗಾಳ ಒಂದೇ.

ಅಮಾವಾಸ್ಯೆಗೆ ಮೊದಲಿನ ಶನಿವಾರ ಇಬ್ಬರೂ ಹೊರಟೆವು. ಆ ಹೊತ್ತಿಗೆ ಸಾಲ್ಮನ್‌ಗಳು ಮೊಟ್ಟೆ ಇಡಲು ನದಿ ಹತ್ತಿರುತ್ತವೆ. ಆ ಮೊಟ್ಟೆ ಕದ್ದು ತಿನ್ನಲು ಮೊದಲ ಸ್ಟೀಲ್‌ಹೆಡ್‌ಗಳು ಹಿಂದೆಯೇ ಬರುತ್ತವೆ. ನಾನು ದಡದಲ್ಲಿ ಮಡಿಸುವ ಕುರ್ಚಿ ಹಾಕಿ, ಶಾಲು ಹೊದ್ದು, ಐಸು ತುಂಬಿದ ಚೀಲ ಪಕ್ಕದಲ್ಲಿಟ್ಟು ಕೂತೆ. ಹಿಂದೆ ಇಲ್ಲಿ ಗಂಡಸರು ಸೀಮೆಎಣ್ಣೆ ಕ್ಯೂನಲ್ಲಿ ನಿಂತ ಹಾಗೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತಿದ್ದರು. ಈಗ ಆಚೆ ದಡದಲ್ಲಿ ಹಸಿರು ಟೋಪಿಯ ಒಬ್ಬ ಮುದುಕ ಮಾತ್ರ. ಎದೆಯವರೆಗೆ ರಬ್ಬರು ಪ್ಯಾಂಟು ಹಾಕಿಕೊಂಡ ಅಳಿಯ ನೀರಿನಲ್ಲಿ ನಿಂತು ಎಸೆದ, ಎಳೆದ, ಎಸೆದ. ಬೆಳಗ್ಗೆ ಹೋಗಿ ಮಧ್ಯಾಹ್ನವಾಯಿತು. ನನ್ನ ಚಿತ್ರಾನ್ನ ಮುಗಿಯಿತು. ಅವನ ಪಾಲಿನದೂ ಮುಗಿಯಿತು.

ಇದ್ದಕ್ಕಿದ್ದ ಹಾಗೆ ಕೋಲು ಬಿಲ್ಲಾಯಿತು. ಮೀನು ನೀರು ಸೀಳಿಕೊಂಡು ಹಾರಿತು. ನಾನು ಕುರ್ಚಿ ಬೀಳಿಸಿ ಎದ್ದು ನಿಂತು ನಮ್ಮೂರಿನ ಬೈಗುಳಗಳನ್ನೆಲ್ಲ ಪ್ರೋತ್ಸಾಹಕ್ಕೆ ಬಳಸಿದೆ. ಬಹಳ ಹೊತ್ತು ಎಳೆದಾಡಿ ಕೊನೆಗೆ ದಡದ ಹತ್ತಿರ ತಂದು, ಬಲೆಯಲ್ಲಿ ಎತ್ತಿ, ಮೊಣಕಾಲೂರಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಆಚೆ ದಡದ ಮುದುಕ “ಬ್ಯೂಟಿಫುಲ್!” ಎಂದು ಟೋಪಿ ತೆಗೆದ.

“ಅತ್ತೀ, ರೆಕ್ಕಿ ಪೂರ್ತಿ ಐತ್ರಿ. ನದಿಯಾಗ ಹುಟ್ಟಿದ್ದು.”

“ನಿಮ್ಮಾವನೂ ಕೇಳಿದ್ದು ಅದನ್ನೇ. ಹಾಕಿ ಚೀಲಕ್ಕೆ.”

“ಹೆಣ್ಣೈತ್ರೀ ಅತ್ತಿ.”

“ನಾನೇನು ಅದಕ್ಕೆ ಗಂಡು ಹುಡುಕ್ಬೇಕಾ? ಹಾಕಿ ಅಳಿಯಂದ್ರೇ!”

“ಚಳಿಗಾಲ ಕಳದ್ರ ತತ್ತಿ ಇಡ್ತದ್ರಿ. ಇಂಥವು ಇನ್ನ ಭಾಳ ಉಳಿದಿಲ್ಲ.”

“ಒಂದು ಇಟ್ಕೊಳಕ್ಕೆ ಸರ್ಕಾರವೇ ಬಿಟ್ಟಿದೆ. ನೀವೇನು ಸರ್ಕಾರಕ್ಕಿಂತ ದೊಡ್ಡೋರಾ?”

ಅವನು ಮೀನನ್ನು ನೋಡಿದ, ನನ್ನನ್ನು ನೋಡಿದ. ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ. ಬಾಲವೊಂದು ಅಲ್ಲಾಡಿತು, ನೀರು ಚಿಮ್ಮಿತು, ಅವನ ಕೈ ಖಾಲಿಯಾಯಿತು.

“ಜಾರ್ತು ಅತ್ತಿ” ಎಂದ.

ನೀವೇ ಹೇಳಿ. ಈ ಮನುಷ್ಯ ದಿನ ಬೆಳಗಾದರೆ ಜನರ ಮೊಣಕಾಲು ಬಿಚ್ಚಿ ಹೊಸ ಕೀಲು ಕೂರಿಸುತ್ತಾನೆ. ರಕ್ತದಲ್ಲಿ ಅದ್ದಿದ ಸ್ಕ್ರೂ ಅವನ ಕೈಯಿಂದ ಜಾರುವುದಿಲ್ಲ. ನನ್ನ ಮೊಣಕಾಲೂ ಅವನ ಜೊತೆಯ ಡಾಕ್ಟರದೇ ಕೆಲಸ, ಗಟ್ಟಿಯಾಗಿದೆ. ಜಾರಿತಂತೆ.

ಮನೆ ಕಡೆ ಹೊರಟ ಮೇಲೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಹೆದ್ದಾರಿಯ ಯಾವುದೋ ಎಕ್ಸಿಟ್‌ನಲ್ಲಿ ಇಳಿದು ಕಾಫಿ ತಂದುಕೊಟ್ಟ, ಅವನ ಮುಖ ನೋಡದೆ ಕುಡಿದೆ. ಹೊರಗೆ ಕಪ್ಪು ಮರಗಳು ಹಿಂದೆ ಓಡುತ್ತಿದ್ದವು. ಆಗ ನಮ್ಮಪ್ಪನ ನೆನಪು ಬಂತು. ಬಲೆಗೆ ಸಣ್ಣ ಮರಿ ಬಿದ್ದರೆ ಅಪ್ಪ ವಾಪಸ್ಸು ನದಿಗೆ ಎಸೆಯುತ್ತಿದ್ದ. ದಯೆಯೂ ಅಲ್ಲ, ಧರ್ಮವೂ ಅಲ್ಲ; ಮುಂದಿನ ವರ್ಷ ಅದೇ ಮೀನು ದೊಡ್ಡದಾಗಿ ಸಿಗಲಿ ಎಂಬ ಆಸೆಬುರುಕತನ. ಎಸೆಯುವಾಗ “ತಿಂದು ಬಾ ಹೋಗು” ಎಂದು ಬೈಯುತ್ತಲೂ ಇದ್ದ. ದಯೆಗಿಂತ ಆಸೆಬುರುಕತನದ ಮೇಲೆ ನನಗೆ ನಂಬಿಕೆ ಹೆಚ್ಚು. ದಯೆ ಸುಸ್ತಾಗಿ ಮಲಗುತ್ತದೆ. ಹೊಟ್ಟೆ ದಿನಾ ಏಳುತ್ತದೆ. ಈ ಬೇಳೆ ತಿನ್ನುವ ಡಾಕ್ಟರು ಯಾವ ಹೊಟ್ಟೆಗಾಗಿ ಬಿಟ್ಟನೋ ಗೊತ್ತಿಲ್ಲ. ಆದರೆ ಬಿಟ್ಟದ್ದು ಮೊಟ್ಟೆಯ ಮೀನು. ಅಪ್ಪನಾದರೆ ಇದ್ದಬದ್ದ ಮೀನೆಲ್ಲ ಖಾಲಿಯಾದ ನದಿಯಲ್ಲಿ ಅದನ್ನು ಎತ್ತುತ್ತಿದ್ದನೇ? ಯೋಚಿಸಿದಷ್ಟೂ ಸಿಟ್ಟು ಕಡಿಮೆಯಾಯಿತು, ಅದೇ ಇನ್ನಷ್ಟು ಸಿಟ್ಟು ಬರಿಸಿತು.

ಅಮಾವಾಸ್ಯೆಯ ಬೆಳಗ್ಗೆ ಗೀತಾ ಅಂಗಡಿಯಿಂದ ಮೀನು ತಂದಳು. ಪ್ಲಾಸ್ಟಿಕ್ಕಿನ ಮೇಲೆ ಸ್ಟೀಲ್‌ಹೆಡ್ ಎಂದೇ ಬರೆದಿತ್ತು. ಪಂಜರದಲ್ಲಿ ಕೂಡಿಹಾಕಿ ಕಾಳು ಹಾಕಿ ಬೆಳೆಸಿದ್ದು. ನದಿ ನೋಡಿಲ್ಲ, ಸರೋವರ ನೋಡಿಲ್ಲ, ಜನ್ಮದಲ್ಲಿ ಒಮ್ಮೆ ಹಾರಿಲ್ಲ.

“ಹೆಸರು ಅದೇ ಅಲ್ವಾಮ್ಮ, ಅಪ್ಪಂಗೆ ಹೇಗೆ ಗೊತ್ತಾಗುತ್ತೆ?” ಎಂದಳು.

“ನಿಮ್ಮಪ್ಪಂಗೆ ಐವತ್ತು ವರ್ಷ ನನ್ನ ಹುಟ್ಟಿದ ದಿನ ಗೊತ್ತಾಗಲಿಲ್ಲ. ಮೀನು ಮಾತ್ರ ಗೊತ್ತಾಗುತ್ತೆ” ಎಂದೆ.

ಸಾರು ಮಾಡಿದೆ, ಹುರಿದೆ, ಮುದ್ದೆ ಕಟ್ಟಿದೆ, ಕಜ್ಜಾಯ ಸುಟ್ಟೆ. ಧೂಪಕ್ಕೆ ಬಡಿದುಕೊಳ್ಳದಿರಲಿ ಎಂದು ಸೀಲಿಂಗಿನ ಸ್ಮೋಕ್ ಅಲಾರಮಿಗೆ ಅಳಿಯ ಸ್ಟೂಲು ಹತ್ತಿ ಸ್ನಾನದ ಟೋಪಿ ತೊಡಿಸಿದ. ಎಲೆ ತುಂಬಿತು, ಬ್ರಾಂದಿ ಬಗ್ಗಿಸಿದ್ದಾಯಿತು. ಎಲ್ಲರೂ ಕೈ ಮುಗಿದು ಹೊರಗೆ ನಡೆದರು. ನಾನೊಬ್ಬಳು ಫೋಟೋದ ಮುಂದೆ ನಿಂತೆ. ಕದ್ದುಮುಚ್ಚಿ ಬಡಿಸುವುದು ಅವರು ಬದುಕಿದ್ದಾಗಲೂ ನನಗೆ ಬರಲಿಲ್ಲ.

“ನೋಡಿ, ಇದು ಅಂಗಡೀದು” ಎಂದೆ. “ನದೀದು ಒಂದು ಸಿಕ್ಕಿತ್ತು, ನಿಮ್ಮ ಅಳಿಯ ಬಿಟ್ಟ. ಅದು ಮೊಟ್ಟೆ ಇಡೋ ಮೀನು. ಬರೋದಾದ್ರೆ ಬನ್ನಿ, ಉಣ್ಣಿ. ಅಂಗಡೀದು ಒಲ್ಲೆ ಅಂದ್ರೆ ನೀವೇ ನದಿಗೆ ಹೋಗಿ. ನಿಮಗೀಗ ಲೈಸೆನ್ಸು ಬೇಡ, ಚಳಿ ಇಲ್ಲ, ಪೆಟ್ರೋಲು ಖರ್ಚಿಲ್ಲ. ಹಿಡೀರಿ, ನೋಡಿ, ಬಿಡಿ. ತಿನ್ನೋದು ಇಲ್ಲಿ ಬಂದು ತಿನ್ನಿ.”

ಬಾಗಿಲೆಳೆದುಕೊಂಡು ಹೊರಗೆ ಬಂದೆ. ಮೆಟ್ಟಿಲ ಮೇಲೆ ಅಳಿಯ ಕೂತಿದ್ದ. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ, ಮುಖ ಕೆಂಪಾಗಿತ್ತು.

“ಖರೇವಂದ್ರೂ ಜಾರಿತ್ರಿ ಅತ್ತಿ.”

ನಾನು ಪಕ್ಕದಲ್ಲಿ ಕೂತೆ. ಮೊಣಕಾಲು ನೋಯಲಿಲ್ಲ.

“ಹೂಂ, ಜಾರ್ಲಿ ಬಿಡಿ” ಎಂದೆ. “ಹೆಣ್ಣು ಸಿಕ್ಕಿದಾಗಲೆಲ್ಲ ಜಾರ್ಲಿ. ಗಂಡು ಸಿಕ್ಕಿದ ದಿನ ಮಾತ್ರ ಗಟ್ಟಿಯಾಗಿ ಹಿಡ್ಕೊಳಿ.”