ಮೊಮ್ಮಗಳು ಕೆಳಗಿನ ಹೊಲ ಒಡೆದ ದಿನ

ನನ್ನ ಮೊಮ್ಮಗಳಿಗೆ ಟ್ರ್ಯಾಕ್ಟರಿನ ಕೀಲಿ ಕಾಯಂ ಸಿಕ್ಕಿತು. ಅವಳ ಅಪ್ಪ, ಅಂದರೆ ನನ್ನ ಮಗ, ತಾನೇ ಬಾಯಿಬಿಟ್ಟು ಇಟ್ಕೋ ಅಂದ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ, ಬರೆಯೋದು ಅಷ್ಟಕ್ಕಷ್ಟೇ. ಆದರೂ ಇದನ್ನು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ.

ಏಕಸಂಬಿ ಹಾದಿಗೆ ನಮ್ಮ ಕೆಳಗಿನ ಹೊಲ ಐತಿ. ವರ್ಷಾನುವರ್ಷ ಕಬ್ಬು ಹಚ್ಚಿ, ಕಬ್ಬು ಹೇರಿದ ಟ್ರ್ಯಾಕ್ಟರ್ ಓಡಾಡಿ, ಒಂದು ಗೇಣಿನ ಕೆಳಗೆ ಮಣ್ಣು ಹಂಚಿನಂಗ ಗಟ್ಟಿಯಾಗಿತ್ತು. ಮಳೆ ನೀರು ಇಂಗುತ್ತಿರಲಿಲ್ಲ. ಬೇರು ಆಳಕ್ಕೆ ಇಳಿಯದೆ, ಗಾಳಿ ಬಂದರೆ ಕಬ್ಬು ಮಲಗಿಬಿಡುತ್ತಿತ್ತು. ಟ್ರ್ಯಾಕ್ಟರ್ ಹೊಡೆಯುವ ತರಬೇತಿಗೆ ಹೋಗಿಬಂದಿದ್ದ ಮೊಮ್ಮಗಳು, ಸಬ್‌ಸಾಯ್ಲರ್ ಹೊಡೀಬೇಕು ಅಂದಳು. ಅದು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಒಂಟಿ ಕಾಲಿನ ನೇಗಿಲು. ಮಣ್ಣು ಮಗುಚುವುದಿಲ್ಲ, ಎರಡು ಗೇಣು ಆಳಕ್ಕೆ ಇಳಿದು ಗಟ್ಟಿ ಪದರ ಒಡೆಯುತ್ತದೆ.

ಮಗ ನಕ್ಕ. "ಸ್ಕೂಟಿ ಅಲ್ಲ ಬೇ ಇದು. ಬೋರಗಾಂವದಿಂದ ಡ್ರೈವರ್‌ನ ಕರಸ್ತೀನಿ."

"ಒಂದು ದಿನ ಕೊಡು ಅಪ್ಪಾ. ಆಗಲಿಲ್ಲಂದ್ರ ಮತ್ತ ಎಂದೂ ಕೀಲಿ ಕೇಳೂದಿಲ್ಲ."

ಮಗ ಒಂದು ದಿನಕ್ಕೆ ಒಪ್ಪಿದ. ಇಲ್ಲೇ ನಾನು ತಪ್ಪು ಮಾಡಿದೆ. ನಾವು ಎತ್ತು ಹೂಡಿದ ಮಂದಿ. ನೆಲ ಬಿರುಸಾಗಿದ್ದರೆ ನೀರು ಬಿಟ್ಟು, ಹದ ನೋಡಿ ನೇಗಿಲು ಹೂಡೋದು ನಮ್ಮ ರೂಢಿ. ಕೂಸಿಗೆ ಹಗುರಾಗಲಿ ಅಂತ, ಯಾರಿಗೂ ಹೇಳದೆ, ಎರಡು ದಿನ ಮೊದಲು ಮೋಟಾರ್ ಚಾಲು ಮಾಡಿ ಹೊಲಕ್ಕೆ ನೀರು ಬಿಟ್ಟೆ. ಅರ್ಧ ಹೊಲ ತೊಯ್ಯುವಷ್ಟರಲ್ಲಿ ಕರೆಂಟ್ ಹೋಯಿತು.

ಬಾಡಿಗೆಗೆ ತಂದ ಸಬ್‌ಸಾಯ್ಲರ್ ಬೆಳಿಗ್ಗೆ ಹೊಲಕ್ಕೆ ಬಂತು. ಟ್ರ್ಯಾಕ್ಟರ್ ಹಿಂದಕ್ಕೆ ಸರಿಸಿ, ಎಂಜಿನ್ ಬಂದ್ ಮಾಡಿಯೇ ಅವಳು ಗಾಡಿ, ನೇಗಿಲಿನ ನಡುವೆ ಹೊಕ್ಕಳು. ನೇಗಿಲು ಹಿಡಿಯುವ ಟ್ರ್ಯಾಕ್ಟರಿನ ಮೂರು ಕಬ್ಬಿಣದ ಕೈಗಳಲ್ಲಿ ಮೊದಲು ಎಡಗಡೆಯದಕ್ಕೆ ಪಿನ್ನು, ಆಮೇಲೆ ಬಲಗಡೆ, ಕಡೆಗೆ ಮೇಲಿನದು. ಅಡ್ಡ ತೂಗಾಡಬಾರದು ಅಂತ ಎರಡೂ ಮಗ್ಗಲಿನ ಸರಪಳಿ ಬಿಗಿದಳು. ಮೇಲಿನ ಕೈ ತಿರುವಿ ಮೊನೆಯನ್ನು ನೆಲಕ್ಕೆ ತುಸು ಬಗ್ಗಿಸಿದಳು. ಮಗ ಬದುವಿನ ಮೇಲೆ ಕುಂತು ನೋಡುತ್ತಿದ್ದ, ತಪ್ಪು ಹುಡುಕಿದ, ಸಿಗಲಿಲ್ಲ.

ಮೊದಲ ಸಾಲು ತೊಯ್ದ ಕಡೆಯೇ ಹೊಡೆದಳು. ನೇಗಿಲ ಕಾಲು ಸರಾಗವಾಗಿ ಇಳಿಯಿತು. ನಾನು ಮೀಸೆ ತಿರುವಿದೆ. ಆಕೆ ಮಾತ್ರ ಗಾಡಿ ನಿಲ್ಲಿಸಿ ಇಳಿದು, ಸಾಲಿನ ಮಗ್ಗಲಿಗೆ ಕಬ್ಬಿಣದ ಹಾರಿ ಒತ್ತಿದಳು. ಒಂದು ಗೇಣಿಗೇ ನಿಂತಿತು. ಮಣ್ಣು ಹಿಚುಕಿದರೆ ಉಂಡೆ ಆಯಿತು.

"ಯಾರು ನೀರು ಬಿಟ್ಟಾರ?"

"ನಾನವ್ವ, ಹಗುರಾಗಲಿ ಅಂತ" ಅಂದೆ.

"ಅಜ್ಜಾ, ಹಸಿ ಮಣ್ಣು ಬರೇ ಸೀಳಿ ಮತ್ತ ಕೂಡತೈತಿ. ಒಣಾ ಇದ್ರನ ಒಡಿತೈತಿ."

ಮಗ ಧೂಳು ಝಾಡಿಸಿಕೊಂಡು ಎದ್ದ. "ಅಜ್ಜ ಮೊಮ್ಮಗಳು ಕೂಡಿ ರಾಡಿ ಮಾಡೀರಿ. ನಡೀರಿ ಮನಿಗೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳು ಸಿಟ್ಟಾಗಲಿಲ್ಲ. "ಇನ್ನರ್ಧ ಒಣಾ ಐತಲ್ಲ" ಅಂದು ಗಾಡಿ ಆ ಕಡೆಗೆ ಹೊಡೆದಳು.

ಅಲ್ಲಿ ಕಾಲು ಇಳಿಯುತ್ತಲೇ ಎಂಜಿನ್ ನರಳಿತು, ಮುಂದಿನ ಗಾಲಿ ಎದ್ದವು. ಅವಳು ಲಿವರ್ ಒಂಚೂರು ಎತ್ತಿ, ಸಣ್ಣ ಗೇರಿನಲ್ಲಿ ಮೆಲ್ಲಗೆ ನಡೆಸಿದಳು. ಸಾಲಿನ ಎರಡೂ ಕಡೆ ನೆಲ ಬಿರಿದು ಉಬ್ಬುತ್ತ ಬಂತು. ಕಾಲು ನೆಲದಲ್ಲಿರುವಾಗ ಗಾಡಿ ತಿರುಗಿಸಿದರೆ ಅದು ಮುರಿಯುತ್ತದೆ. ಬದುವಿನ ಹತ್ತಿರ ಮಗ "ಎತ್ತು, ಎತ್ತು" ಅನ್ನುವಷ್ಟರಲ್ಲಿ ಎತ್ತಿಯೇಬಿಟ್ಟಿದ್ದಳು.

ಮೂರು ಸಾಲು ಆದ ಮೇಲೆ ಮಗ ತಾನೇ ಹಾರಿ ತಗೊಂಡು ಎರಡು ಸಾಲಿನ ನಡುವೆ ಒತ್ತಿದ. ಮೊಳದಷ್ಟು ಇಳಿಯಿತು. ನಂಬಿಕೆ ಬರದೆ ಮತ್ತೊಂದು ಕಡೆ ಒತ್ತಿದ. ಅಲ್ಲೂ ಇಳಿಯಿತು. ಬಂದು ನನ್ನ ಮಗ್ಗಲಿಗೆ ಕುಂತ.

ಹೊತ್ತು ಇಳಿಯುವಾಗ ಒಣ ಅರ್ಧ ಮುಗಿಯಿತು. ಅವಳು ಕೀಲಿ ಚಾಚಿದಳು. ಅವನು ಕೈ ಒಡ್ಡಲಿಲ್ಲ.

"ಇಟ್ಕೋ. ಉಳಿದದ್ದು ಒಣಗಿದ ಮ್ಯಾಲ ನೀನ ಹೊಡಿ. ಡ್ರೈವರ್‌ಗೆ ಬ್ಯಾಡ ಅಂತ ಹೇಳ್ತೀನಿ. ಅಲ್ಲೀತನಕ ನಿಮ್ಮಜ್ಜನ್ನ ಮೋಟಾರ್ ಹತ್ರ ಬಿಡಬ್ಯಾಡ."

ಆ ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿಗೆ ಕುಂತೆವು. ಸೊಸೆ ಬಿಸಿ ಬಿಸಿ ಜೋಳದ ಭಕ್ರಿ, ಕಡಲೆ ಹಿಟ್ಟಿನ ಝುಣಕಾ ನಡುವೆ ಇಟ್ಟು ತಾನೂ ಕುಂತಳು. ಮೊಮ್ಮಗಳು ನಾಲ್ಕನೇ ಭಕ್ರಿ ಮುರಿಯುತ್ತ, ಮೇಲಿನ ಕೈ ಎಷ್ಟು ಸುತ್ತು ತಿರುವಬೇಕು ಅಂತ ಅಪ್ಪನಿಗೆ ಹೇಳಿಕೊಡುತ್ತಿದ್ದಳು. ಅವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೇಳುತ್ತಿದ್ದ. ನಾನು ಅವರಿಬ್ಬರನ್ನೇ ನೋಡುತ್ತ ಕುಂತಿದ್ದೆ. "ಆರತೈತಿ, ಉಣ್ರಿ" ಅಂತ ಹೆಂಡತಿ ನನ್ನ ತಾಟಿಗೆ ಇನ್ನಷ್ಟು ಝುಣಕಾ ಹಾಕಿದಳು.