ಬಾಗಿಲಿನಾಚೆ ನಿಂತ ಹೊತ್ತು

ಪಾರ್ಶ್ವವಾಯು ಹೊಡೆದ ಒಂಬತ್ತನೆಯ ದಿನ ನನ್ನ ಹೆಂಡತಿಯ ಡಿಸ್ಚಾರ್ಜ್ ಬಗ್ಗೆ ಮಾತುಕತೆ ನಡೆಯಿತು. ಕೈಕಾಲು ಚೇತರಿಸಿಕೊಂಡಿದ್ದವು. ಮಾತು ಹೋಗಿತ್ತು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತಿತ್ತು, ಅವಳು ಹೇಳಬೇಕಾದ್ದು ಬಾಯಿಗೆ ಬರುತ್ತಿರಲಿಲ್ಲ. ತೀರ್ಮಾನವಾಗಬೇಕಿದ್ದದ್ದು ಒಂದೇ: ಈ ಪರದೇಶದಲ್ಲಿ ಮಗಳ ಜೊತೆಗಿದ್ದ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿಗೋ, ಆರೈಕೆ ಕೇಂದ್ರಕ್ಕೋ. ಹಗಲು ಮಗಳು ಆಫೀಸಿಗೆ ಹೋದರೆ ಮನೆಯಲ್ಲಿ ಇರುವವನು ನಾನೊಬ್ಬನೇ. ಬೇರೆ ಕೋಣೆಯಿಂದ ಇವರು ನಿಮ್ಮನ್ನು ಕರೆಯಬಲ್ಲರೇ ಎಂದು ಸ್ಪೀಚ್ ಥೆರಪಿಸ್ಟ್ ಕೇಳಿದರು.

ಉತ್ತರ ಅವರ ಹಾಳೆಯಲ್ಲಿ ಆಗಲೇ ಇತ್ತು. ಗಂಡನ ಹೆಸರೇನೆಂದು ಫೋನಿನಲ್ಲಿದ್ದ ದುಭಾಷಿಯ ಮೂಲಕ ಮೂರು ದಿನ ಕೇಳಿದ್ದರು. ಮೂರು ದಿನವೂ ಅವಳು ಸುಮ್ಮನಿದ್ದಳು.

ಅಂದು ರಜೆ ಹಾಕಿ ಬಂದಿದ್ದ ಮಗಳು ನಕ್ಕುಬಿಟ್ಟಳು. ಥೆರಪಿಸ್ಟ್‌ಗೆ ಇಂಗ್ಲಿಷಿನಲ್ಲಿ ವಿವರಿಸಿ ನನ್ನತ್ತ ತಿರುಗಿದಳು. "ಅಪ್ಪ, ಅಮ್ಮ ಸ್ಟ್ರೋಕಿಗೆ ಮುಂಚೆ ಯಾವತ್ತು ನಿನ್ನ ಹೆಸರು ಹೇಳಿದಾಳೆ? ಪಾಸ್‌ಪೋರ್ಟ್ ಆಫೀಸಲ್ಲೂ ನನ್ ಕೈಲೇ ಹೇಳಿಸಿದ್ಲು. ಈ ಮೂರು ದಿನ ನೀನು ಪಕ್ಕದಲ್ಲೇ ಕೂತು ಏನ್ ಮಾಡ್ತಿದ್ದೆ?"

ನನಗದು ನಲವತ್ತು ವರ್ಷದಿಂದ ಕೇಳುತ್ತ ಬಂದ ಮೌನ. ಅದು ಸೋಲೆಂದು ದಾಖಲಾಗುತ್ತಿರುವುದು ಹೊಳೆದಿರಲಿಲ್ಲ. ನಿವೃತ್ತಿಗೆ ಮುಂಚೆ ಪತ್ರಿಕೆಯ ಸುದ್ದಿಮನೆಯಲ್ಲಿ ಬೇರೆಯವರ ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು.

ಥೆರಪಿಸ್ಟ್ ಹಾಳೆ ಬದಿಗಿಟ್ಟು ನನ್ನನ್ನು ಹೊರಗೆ ಕಳಿಸಿದರು. "ಅಮ್ಮ, ಅಪ್ಪನ್ನ ಕರಿ. ದಿನಾ ಹೆಂಗೆ ಕರೀತೀಯೋ ಹಂಗೆ," ಎಂದಳು ಮಗಳು.

ಬಾಗಿಲಿನಾಚೆ ನಿಂತೆ. ಕಾರಿಡಾರಿನ ಕೊನೆಯ ಕಿಟಕಿಯಲ್ಲಿ ಮಂಜು ಬೆಟ್ಟದ ಅಂಚು ದಾಟಿ ಇಳಿಯುತ್ತಿತ್ತು. ಒಂದೊಂದೇ ಮರ ಅದರೊಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಔಷಧಿಯ ಗಾಡಿ ನೀರಿನ ಮೇಲೆ ತೇಲಿದಂತೆ ದಾಟಿಹೋಯಿತು. ಪೇಪರು ಹಿಡಿದು ಕೂತಾಗ ಅಡುಗೆಮನೆಯಿಂದ ಬಂದ ಕರೆಗೆ ನಾನು ಒಂದೇ ಸಲಕ್ಕೆ ಎದ್ದವನಲ್ಲ. ಎಷ್ಟು ಸಾವಿರ ಸಲ ಕರೆದಿದ್ದಳೋ. ಅವೆಲ್ಲ ಆ ಮಂಜಿನೊಳಗೇ ಎಲ್ಲೋ ಇರಬೇಕು ಅನ್ನಿಸಿತು.

"ರೀ."

ಕಾಫಿ ಆರಿಹೋಗುತ್ತಿದೆ ಎನ್ನುವ ಅದೇ ಧಾಟಿ.

ಇನ್ನೆರಡು ಸಲ ಕರೆಯಲು ಹೇಳಿದರು. ಒಂದು ಸಲ ಬಂತು, ಒಂದು ಸಲ ಬರಲಿಲ್ಲ. ಬರದಿದ್ದದ್ದನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಂಡರು. ಮನೆಗೇ ಎಂದು ತೀರ್ಮಾನವಾಯಿತು. ವಾರಕ್ಕೆರಡು ಸಲ ಥೆರಪಿ, ನನ್ನನ್ನು ಕರೆಯಲು ಅವಳ ಕೈಗೆ ಸಿಗುವಲ್ಲಿ ಬಾರಿಸುವ ಒಂದು ಗಂಟೆ. ಅವಳು ಮಾತಿಗೆ ತಡಕಾಡುವಾಗ ನಾನು ಪೂರ್ತಿಮಾಡಿ ಕೊಡಬಾರದು ಎಂಬುದೂ ಅವರು ಕೊಟ್ಟ ಪಟ್ಟಿಯಲ್ಲಿತ್ತು.

ಮನೆಗೆ ಬಂದ ಮರುದಿನ ನೋಡಿದರೆ ಅವಳು ಗಂಟೆಯನ್ನು ದೇವರ ಮುಂದೆ ಇಟ್ಟಿದ್ದಳು. ನಾನು ಪೇಪರು ಓದುವ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದು ಹಾಕಿಕೊಂಡೆ.