ಸಿಪಾಯಿ ಮನೆಯ ಬಾಗಿಲಲ್ಲಿ ನಾನಾಡಿದ ಮಾತು

ನೀವು ನಂಬದಿದ್ದರೂ ಬೇಜಾರಿಲ್ಲ, ನಮ್ಮ ಯಜಮಾನರೇ ನಂಬಿಲ್ಲ. ಆದರೆ ಆ ಸದ್ದು ಕೇಳಿದ ಇನ್ನೊಂದು ಜೀವ ಇದೆ, ನನ್ನ ಆರು ವರ್ಷದ ಮಗಳು ಅನಘಾ. ಅವಳ ಮೇಲೆ ಆಣೆ ಇಡಲಾರೆ... ನಡೆದದ್ದನ್ನಷ್ಟೇ ಹೇಳ್ತೀನಿ.

ಸ್ವೀಡನ್ನಿನ ಉಮೆಯೊ ಊರಿನಲ್ಲಿರುವ ನಾವು ಕಳೆದ ಚಳಿಗಾಲದಲ್ಲಿ ವೀಕೆಂಡಿಗೆಂದು ಕಾಡಂಚಿನ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಒಂದೇ ಕೋಣೆ, ಮೂಲೆಯಲ್ಲಿ ದೊಡ್ಡ ಒಲೆ. ಶುಕ್ರವಾರ ಕೀಲಿ ಕೊಡಲು ಬಂದ ಮನೆ ಒಡತಿ ಬ್ರಿಟಾ ಹೇಳಿದರು:

"ಇದು ಸಿಪಾಯಿ ಮನೆ. ಹದಿನೆಂಟನೇ ಶತಮಾನದಲ್ಲಿ ಸುತ್ತಲಿನ ರೈತರು ಸೇರಿ ಒಬ್ಬ ಸಿಪಾಯಿಯನ್ನು ಸಾಕಬೇಕಿತ್ತು. ಮನೆ, ಸೌದೆ, ಹಿಟ್ಟು, ಉಣ್ಣೆ ಕೋಟು, ಎಲ್ಲ ಅವರದೇ. ದಂಡು ಹೊರಟರೆ ದಾರಿಯ ಮನೆಯವರು ಸಿಪಾಯಿಗಳನ್ನು ಒಲೆ ಪಕ್ಕ ಹುಲ್ಲು ಹಾಸಿ ಮಲಗಿಸಬೇಕಿತ್ತು."

"ಬಾಗಿಲು ತೆಗೀದಿದ್ರೆ?" ಎಂದೆ.

"ಈ ಚಳಿಯಲ್ಲೇ?" ಎಂದು ಬ್ರಿಟಾ ಕಿಟಕಿಯಾಚೆ ನೋಡಿದರು.

ಶನಿವಾರ ಯಜಮಾನರು ಹಾಲು ತರಲು ಪೇಟೆಗೆ ಹೋದರು. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರಿದು. ಅನ್ನಕ್ಕಿಟ್ಟಿದ್ದೆ. ಅದರ ಘಮದ ನಡುವೆ ಬೇರೇನೋ ವಾಸನೆ... ಒದ್ದೆ ಉಣ್ಣೆ, ಡಾಂಬರು, ಹಳೇ ಚರ್ಮ.

ಟಕ್... ಟಕ್... ಟಕ್...

ಕಿಟಕಿಯಿಂದ ಇಣುಕಿದೆ. ಹೊರಗಿನ ದೀಪ ಉರಿಯುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಆದರೆ ಬಾಗಿಲಾಚೆ ಯಾರದೋ ಹಲ್ಲು ಕಟಕಟ ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಅಮ್ಮಾ, ಹಾನ್ ಫ್ರೀಸರ್," ಅಂದಳು ಅನಘಾ. ಸ್ವೀಡಿಷ್‌ನಲ್ಲಿ, ಅವನಿಗೆ ಚಳಿ ಆಗ್ತಿದೆ ಅಂತ.

"ಯಾರಿಗೇ? ಸುಮ್ನಿರು!"

"ಓಪನ್ ಮಾಡಮ್ಮಾ... ಪ್ಲೀಸ್."

ಚಿಲಕದ ಮೇಲೆ ಕೈಯಿಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪ್ರೇಯರ್ ನೆನಪಾಗಲಿಲ್ಲ. ಬಾಯಿಗೆ ಬಂದದ್ದು, ದೆವ್ವ ಬಾರದಿರಲೆಂದು ಅಜ್ಜಿ ಊರಿನ ಬಾಗಿಲುಗಳ ಮೇಲೆ ಬರೆದಿರುತ್ತಿದ್ದ ಎರಡೇ ಪದ.

"ನಾಳೆ ಬಾ."

ಬಡಿತ ನಿಂತಿತು. ಹೇಳಿದ ಮಾತು ಕೇಳಿಯೇ ಅಭ್ಯಾಸವಿದ್ದವರ ಹಾಗೆ, ಥಟ್ಟನೆ.

ಹಿಮದಲ್ಲಿ ಕಿರ್... ಕಿರ್... ಹೆಜ್ಜೆ ದೂರವಾಯಿತು. ಆಮೇಲೆ ಪಕ್ಕದ ಮನೆ ಬಾಗಿಲು. ಟಕ್... ಟಕ್... ಅದು ಬೇಸಿಗೆ ಮನೆ, ಚಳಿಗಾಲದಲ್ಲಿ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಇನ್ನೂ ಆಚೆ, ಮತ್ತೊಂದು ಬಾಗಿಲು... ಬಡಿಯುವ ಕೈ ಸೋಲುತ್ತಿರುವುದು ಗೊತ್ತಾಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಬಾಗಿಲು ತೆಗೆದು ಕೂಗಿದೆ, "ಬನ್ನೀ! ಒಳಗೆ ಬನ್ನೀ!"

ನುಣ್ಣನೆ ಹೊಸ ಹಿಮ. ಒಂದು ಹೆಜ್ಜೆ ಗುರುತೂ ಇಲ್ಲ. ಕಾಡು ಉಸಿರು ಹಿಡಿದಂತಿತ್ತು.

ಯಜಮಾನರು ಬಂದ ಮೇಲೆ ಎಲ್ಲ ಹೇಳಿದರೆ ನಕ್ಕರು. "ಚಳಿಗೆ ಮರ ಸಿಡಿದಿರತ್ತೆ ಕಣೇ."

"ನಾಳೆ ರಾತ್ರೀನೂ ಇಲ್ಲೇ ಇರೋಣ ರೀ. ಬಾ ಅಂದ್ಬಿಟ್ಟಿದೀನಿ."

"ದೆವ್ವಕ್ಕೆ ಅಪಾಯಿಂಟ್‌ಮೆಂಟ್ ಬೇರೆನಾ? ಸೋಮವಾರ ಆಫೀಸಿದೆ ನಂಗೆ!"

ಭಾನುವಾರ ಕತ್ತಲಾಗುವ ಮೊದಲೇ ಹೊರಟೆವು. ಒಲೆಯ ಕೆಂಡ ಆರಿಸಿದವಳು ನಾನೇ. ಬೀಗ ಹಾಕಿದವಳೂ ನಾನೇ. ಕಾರಿನಲ್ಲಿ ಅನಘಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ಸಂಜೆ ಅವನು ಮತ್ತೆ ಬಂದನೇನೋ... ಬ್ರಿಟಾಗೆ ಫೋನ್ ಮಾಡಿ ಕೇಳುವ ಧೈರ್ಯ ನನಗೆ ಈವತ್ತಿಗೂ ಆಗಿಲ್ಲ.